ಮಾಳಿಗೆ ಟೈಲ್ಸ್ ಯಾಕೆ ಏಳುತ್ತವೆ?

ಮೇ ತಿಂಗಳು, ಮಧ್ಯಾಹ್ನ ಊಟ ಮಾಡಿ ಅಡ್ಡಾಗಿದ್ದೆ. ಮಾಳಿಗೆ ಮೇಲೆ ಠಪ್ ಅಂತ ಸದ್ದು. ಹುಡುಗರು ಕಲ್ಲು ಒಗೆದರೇನೋ ಅಂತ ಹೋಗಿ ನೋಡಿದರೆ ಎರಡು ಟೈಲ್ಸ್ ತಲೆಗೆ ತಲೆ ಕೊಟ್ಟು ಗುಡಾರದ ಹಾಗೆ ಎದ್ದು ನಿಂತಿದ್ದವು. ಹಾಕಿಸಿ ಮೂರು ವರ್ಷ ಆಗಿರಲಿಲ್ಲ. ಒಂದನ್ನು ತಿರುಗಿಸಿದೆ. ಬೆನ್ನು ತೊಳೆದಿಟ್ಟಷ್ಟು ಸ್ವಚ್ಛ, ಸಿಮೆಂಟಿನ ಒಂದು ಚೂರೂ ಹತ್ತಿರಲಿಲ್ಲ. ಕೆಳಗೆ ಐದು ಕಡೆ ರೊಟ್ಟಿ ಹಿಟ್ಟಿನ ಉಂಡೆಯ ಹಾಗೆ ಸಿಮೆಂಟ್ ಇಟ್ಟಿದ್ದರು, ನಡುವೆಲ್ಲ ಪೊಳ್ಳು.

ಎಲ್ಲರೂ ಟೈಲ್ಸ್ ಕಂಪನಿಯನ್ನೇ ಬೈಯ್ಯುತ್ತಾರೆ. ತಪ್ಪು ಟೈಲ್ಸಿನದಲ್ಲ, ಹಾಕಿದ ರೀತಿಯದು.

ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ, ಗಾಳಿಯೇ 42-43 ಡಿಗ್ರಿ ಇದ್ದಾಗ ಮಾಳಿಗೆ ಮೇಲೆ ಬರಿಗಾಲು ಇಡಕ್ಕಾಗಲ್ಲ. ಹಗಲು ಟೈಲ್ಸ್ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಒಂದೊಂದರ ಲೆಕ್ಕ ಕೂದಲೆಳೆಯಷ್ಟೇ, ಆದರೆ ಈ ಗೋಡೆಯಿಂದ ಆ ಗೋಡೆತನಕ ಒಂದಕ್ಕೊಂದು ಒತ್ತಿ ಕೂರಿಸಿದರೆ ಆ ಕೂದಲೆಳೆಗಳೆಲ್ಲ ಸೇರಿ ಎಲ್ಲಿಗೆ ಹೋಗಬೇಕು? ಮೇಲಕ್ಕೇ ಏಳಬೇಕು. ನಮ್ಮ ಗೌಂಡಿ "ಸಂದು ಬಿಟ್ರೆ ಚಂದ ಕಾಣಲ್ರೀ" ಅಂದ, ನಾನೂ ಹೂಂ ಅಂದೆ. ನೀವು ಹೂಂ ಅನ್ನಬೇಡಿ. ಟೈಲ್ಸ್ ನಡುವೆ 3ರಿಂದ 5 ಮಿ.ಮೀ. ಸಂದು ಬೇಕೇ ಬೇಕು. ಅದರ ಮೇಲೆ ಎಂಟು-ಹತ್ತು ಅಡಿಗೊಮ್ಮೆ ಮತ್ತು ಗೋಡೆಯ ಅಂಚಿಗೆ ಇನ್ನೂ ಅಗಲದ ಸಂದು ಬಿಡಿಸಿ. ಅದರಲ್ಲಿ ಸಿಮೆಂಟ್ ತುಂಬಿಸಬೇಡಿ, ರಬ್ಬರಿನ ಹಾಗೆ ಎಳೆದಾಡುವ ಸೀಲೆಂಟ್ ತುಂಬಿಸಿ.

ಎರಡನೆಯದು ಗಮ್. ಈಗಿನ ವಿಟ್ರಿಫೈಡ್ ಟೈಲ್ಸ್ ನೀರೇ ಕುಡಿಯಲ್ಲ, ಅರ್ಧ ಪರ್ಸೆಂಟೂ ಇಲ್ಲ. ಹಾಗಾಗಿ ಬರೀ ಸಿಮೆಂಟ್ ಹಾಲು ಅದಕ್ಕೆ ಗಟ್ಟಿಯಾಗಿ ಹಿಡಿಯಲ್ಲ. ಹೊರಗಡೆಗೆ ಅಂತಲೇ ಸಿಗುವ ಟೈಲ್ಸ್ ಗಮ್ ತನ್ನಿ, ಹಲ್ಲಿನ ಕರಣಿಯಲ್ಲಿ ಪೂರ್ತಿ ಎಳೆಸಿ, ಟೈಲ್ಸಿನ ಬೆನ್ನಿಗೂ ಸವರಿಸಿ. ಉಂಡೆ ಇಟ್ಟು ಕೂರಿಸಿದರೆ ಆ ಪೊಳ್ಳಿನಲ್ಲಿ ಮಳೆ ನೀರು ಸೇರಿಕೊಂಡು ಕೂರುತ್ತದೆ. ಸಂದಿನಲ್ಲಿ ಬಿಳಿ ಉಪ್ಪು ಬರುವುದು ಅದರಿಂದಲೇ, ಉಪ್ಪು ತಿಕ್ಕಿ ತೆಗೆದರೆ ಏನೂ ಉಪಯೋಗವಿಲ್ಲ.

ವಾಟದ ವಿಷಯದಲ್ಲಿ ಮುಲಾಜು ಬೇಡ. ಹತ್ತು ಅಡಿಗೆ ಒಂದೂವರೆ ಇಂಚು ಇಳಿಜಾರು ಇರಲಿ. ವಾಟರ್‌ಪ್ರೂಫಿಂಗ್ ಟೈಲ್ಸಿಗಿಂತ ಮೊದಲೇ ಆಗಬೇಕು, ಟೈಲ್ಸ್ ತಾನೇ ನೀರು ತಡೆಯಲ್ಲ.

ಅಂಗಳದ ಕಥೆ ಬೇರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಅದನ್ನು ತೆಗೆಸಿ, ಮುರುಮ್ (ಗರಸು ಮಣ್ಣು) ತುಂಬಿ ಚೆನ್ನಾಗಿ ಧಮ್ಮಸ್ ಹೊಡೆಸಿ, ಕಾಂಕ್ರೀಟ್ ಹಾಕಿಸಿದ ಮೇಲೆಯೇ ಟೈಲ್ಸ್. ನನ್ನ ಕೇಳಿದರೆ ಅಂಗಳಕ್ಕೆ ಶಹಾಬಾದ್ ಫರಸಿಯೇ ಸಾಕು, ಒಂದು ಕಲ್ಲು ಕೆಳಗೆ ಕುಸಿದರೆ ಅದೊಂದನ್ನೇ ಎತ್ತಿ ಮತ್ತೆ ಕೂರಿಸಬಹುದು.

ಈಗಾಗಲೇ ಹಾಕಿಸಿದ್ದರೆ ಒಂದು ನಾಣ್ಯ ಹಿಡಿದು ಒಂದೊಂದನ್ನೇ ಬಡಿಯುತ್ತಾ ಹೋಗಿ. ಡಬ್ ಡಬ್ ಅಂದದ್ದು ಪೊಳ್ಳು, ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೊದಲ ದೊಡ್ಡ ಮಳೆಯ ಮರುದಿನ ಮತ್ತೆ ಹತ್ತಿ, ಎಲ್ಲಿ ನೀರು ನಿಂತಿದೆ ನೋಡಿ ಅಲ್ಲೂ ಗುರುತು ಹಾಕಿ. ಗೌಂಡಿ ಬಂದಾಗ ಆ ಗುರುತುಗಳನ್ನೇ ತೋರಿಸಿ.