ಆಳು ಸಿಗದೆ ಶುರುವಾದದ್ದು

ಸಮಾಜಸೇವೆ ಮಾಡಬೇಕೆಂದು ಹೊರಟವನಲ್ಲ ನಾನು. ಉಡುಪಿ ಜಿಲ್ಲೆಯ ಹಿರಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟದ ಬದಿಯಲ್ಲಿ, ಅಡಿಕೆ ಮರದ ಹಾಳೆಯಿಂದ ಊಟದ ತಟ್ಟೆ ಒತ್ತುವ ಎರಡು ಯಂತ್ರ ಹಾಕಿದ್ದೆ, ಆಳು ಸಿಗಲಿಲ್ಲ. ಪ್ರಾಯದ ಹುಡುಗರೆಲ್ಲ ಬೆಂಗಳೂರು, ಮುಂಬೈ, ಗಲ್ಫ್ ಎಂದು ಹೋಗಿಯಾಗಿತ್ತು. ವಿಶೇಷ ಶಾಲೆಯೊಂದರಲ್ಲಿ ಕಲಿಸುವ ನನ್ನ ಅತ್ತಿಗೆ ಒಂದು ದಿನ, "ಹದಿನೆಂಟು ದಾಟಿದರೆ ನಮ್ಮ ಮಕ್ಕಳು ಮನೆಯ ಜಗಲಿಯಲ್ಲೇ ಬಾಕಿ. ಒಬ್ಬನನ್ನು ಇಟ್ಟು ನೋಡುತ್ತೀಯಾ?" ಎಂದರು. ನನಗೂ ಬೇರೆ ದಾರಿ ಇರಲಿಲ್ಲ.

ಬಂದವನು ಬೌದ್ಧಿಕ ನ್ಯೂನತೆ ಇರುವ ಇಪ್ಪತ್ತೆರಡರ ಹುಡುಗ. ಜೊತೆಗೆ ತಾಯಿ, ಮಗನನ್ನು ಬಿಟ್ಟು ಹೊರಗೆ ದುಡಿಯಲಾಗದೆ ವರ್ಷಾನುಗಟ್ಟಲೆ ಮನೆಯಲ್ಲಿ ಕುಳಿತು ಬೀಡಿ ಕಟ್ಟಿದವರು. ಇಬ್ಬರನ್ನೂ ಸೇರಿಸಿಕೊಂಡೆ. ಹಾಳೆಯನ್ನು ನೀರಿನಲ್ಲಿ ನೆನೆಸುವುದು, ಬ್ರಷ್ಷಿನಿಂದ ಉಜ್ಜುವುದು ಹುಡುಗನಿಗೆ ಎರಡೇ ದಿನದಲ್ಲಿ ಬಂತು. ಎಡವಿದ್ದು ಲೆಕ್ಕದಲ್ಲಿ. ಇಪ್ಪತ್ತೈದು ತಟ್ಟೆಗೆ ಒಂದು ಕಟ್ಟು. ಅವನು ಹನ್ನೆರಡರವರೆಗೆ ಎಣಿಸಿ ಮತ್ತೆ ಒಂದರಿಂದ ಶುರುಮಾಡುತ್ತಿದ್ದ. ಒಂದು ತಿಂಗಳು ಅವನಿಗೆ ಮಗ್ಗಿ ಹೇಳಿಕೊಟ್ಟೆ. ಶುದ್ಧ ದಡ್ಡತನ, ನನ್ನದು. ಆಮೇಲೆ ಕೋಲೊಂದಕ್ಕೆ ಗೆರೆ ಎಳೆದು, ತಟ್ಟೆಯ ರಾಶಿ ಅಲ್ಲಿಗೆ ಮುಟ್ಟಿದರೆ ಕಟ್ಟು ಎಂದೆ. ಒಂದು ಹಾಳೆ ದಪ್ಪ, ಇನ್ನೊಂದು ತೆಳು. ಕಟ್ಟಿಗೆ ಇಪ್ಪತ್ಮೂರೂ ಬಂತು, ಇಪ್ಪತ್ತೇಳೂ ಬಂತು. ಕೊನೆಗೆ ನನ್ನ ಅಮ್ಮ ಅಟ್ಟದಲ್ಲಿದ್ದ ಚೆನ್ನೆಮಣೆ ಆಟದ ಇಪ್ಪತ್ತೈದು ಮಂಜೊಟ್ಟಿ ಬೀಜ ತಂದು ಒಂದು ಬಟ್ಟಲಿಗೆ ಹಾಕಿದರು. ಒಂದು ತಟ್ಟೆಗೆ ಒಂದು ಬೀಜ ಆಚೆ ಬಟ್ಟಲಿಗೆ. ಈಚೆಯದು ಖಾಲಿಯಾದರೆ ಕಟ್ಟು. ಅಂದಿನಿಂದ ಅವನ ಕಟ್ಟನ್ನು ನಾನು ಮರುಎಣಿಕೆ ಮಾಡಿಲ್ಲ.

ಯಂತ್ರಕ್ಕೆ ಕುಳಿತವಳು ಕಿವಿ ಕೇಳದ ಹುಡುಗಿ. ಕಾದ ಅಚ್ಚಿನೊಳಗೆ ಹಾಳೆ ಇರಬೇಕಾದಷ್ಟು ಹೊತ್ತು ಕಳೆದರೆ ಯಂತ್ರ ಗಂಟೆ ಬಾರಿಸುತ್ತದೆ. ಅವಳಿಗೆ ಆ ಗಂಟೆ ಇದ್ದರೂ ಇಲ್ಲದಿದ್ದರೂ ಒಂದೇ. ಮೊದಲ ವಾರ ತಟ್ಟೆಗಳೆಲ್ಲ ಕಂದಿದವು. ಊರಿನ ಎಲೆಕ್ಟ್ರಿಷಿಯನ್ ಗಂಟೆಯ ತಂತಿಗೆ ಒಂದು ಕೆಂಪು ಬಲ್ಬು ಜೋಡಿಸಿದ. ಅರ್ಧ ತಾಸಿನ ಕೆಲಸ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇಂಥ ಹೊಂದಾಣಿಕೆಯ ಬಗ್ಗೆ ಗಂಭೀರವಾದ ವ್ಯಾಖ್ಯಾನವೇ ಇದೆ ಎಂದು ಬಹಳ ತಡವಾಗಿ ಓದಿದೆ.

ಬಲ್ಬಿಗಿಂತ ಕಷ್ಟವಾದದ್ದು ಬಸ್ಸು. ಅಂಗವಿಕಲರಿಗೆ ರಿಯಾಯಿತಿ ಪಾಸ್ ಕೊಡುವುದು ಸರ್ಕಾರಿ ಬಸ್ಸಿಗೆ. 2023ರ ಜೂನ್‌ನಿಂದ ಹೆಂಗಸರಿಗೆ ಉಚಿತ ಪ್ರಯಾಣ ಇರುವುದೂ ಅದರಲ್ಲೇ. ನಮ್ಮ ಒಳದಾರಿಗೆ ಬರುವುದೆಲ್ಲ ಖಾಸಗಿ ಬಸ್ಸು. ಬೆಳಿಗ್ಗೆ ಎಂಟರ ಹೊತ್ತಿಗೆ ಶಾಲೆ ಮಕ್ಕಳು ತುಂಬಿ, ಹಿಂದಿನ ಬಸ್ಸು ಅಟ್ಟಿಸಿಕೊಂಡು ಬರುವಾಗ ನಿಧಾನಕ್ಕೆ ಹತ್ತುವವರಿಗೆ ಯಾರು ಕಾಯುತ್ತಾರೆ? ಹುಡುಗ ಎರಡು ಸಲ ಬಿದ್ದ. ಕೆಲಸವನ್ನೇ ಹತ್ತೂವರೆಗೆ ಶುರುಮಾಡಿದೆವು. ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವ, ಬೆಳಗಿನ ಮಂಪರು ಬೇಗ ಇಳಿಯದ ಒಬ್ಬ ಅಕ್ಕನೂ ಇದರಿಂದಾಗಿಯೇ ನಮ್ಮಲ್ಲಿ ನಿಂತರು. ಹಿಂದೆ ಎರಡು ಕಡೆ ಅವರ ಕೆಲಸ ಹೋದದ್ದು ತಡವಾಗಿ ಬರುತ್ತಾರೆ ಎಂಬ ಒಂದೇ ಕಾರಣಕ್ಕೆ.

ಕೂಲಿಯನ್ನು ಮೊದಲು ತಟ್ಟೆಯ ಲೆಕ್ಕದಲ್ಲಿ ಕೊಡುತ್ತಿದ್ದೆ. ನಿಧಾನದವರಿಗೆ ಸಿಗುತ್ತಿದ್ದದ್ದು ಬಸ್ಸಿಗೂ ಸಾಲದು. ಕುಳಿತು ಲೆಕ್ಕ ಹಾಕಿದಾಗ ಗೊತ್ತಾಯಿತು: ತಟ್ಟೆಯ ಸಂಖ್ಯೆ ನಿಂತಿರುವುದು ಅಚ್ಚು ಎಷ್ಟು ಸಲ ತೆರೆಯುತ್ತದೆ ಎಂಬುದರ ಮೇಲೆ, ತೊಳೆಯುವ ಕೈಯ ವೇಗದ ಮೇಲಲ್ಲ. ಈಗ ಎಲ್ಲರಿಗೂ ಗಂಟೆಗೆ ಒಂದೇ ದರ. ತಂದೆ ತಾಯಂದಿರಿಗೆ ಇನ್ನೊಂದು ಹೆದರಿಕೆ, ಸಂಬಳ ಬಂದರೆ ಮಕ್ಕಳ ಅಂಗವಿಕಲ ಪಿಂಚಣಿ ನಿಂತೀತೆಂದು. ಪಿಂಚಣಿಗೆ ಆದಾಯದ ಮಿತಿ ಇರುವುದು ನಿಜ. ಹಾಗಾಗಿ ಸೇರಿಸಿಕೊಳ್ಳುವ ಮೊದಲೇ ಮನೆಯವರನ್ನು ಕರೆದುಕೊಂಡು ಹೋಗಿ ಕಚೇರಿಯಲ್ಲಿ ವಿಚಾರಿಸುತ್ತೇನೆ. ಬೌದ್ಧಿಕ ನ್ಯೂನತೆ ಇರುವವರಿಗೆ 1 ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ ಇದೆ. ಅದರ ಅರ್ಜಿಯೂ ಆಗ ಆಗುತ್ತದೆ.

ಮಾರುವುದರಲ್ಲಿ ನಾನು ಮಾಡಿದ ತಪ್ಪು ದೊಡ್ಡದು. ಮೊದಲ ವರ್ಷ ಕಟ್ಟಿನ ಮೇಲೆ "ವಿಶೇಷ ಮಕ್ಕಳು ಮಾಡಿದ ತಟ್ಟೆ" ಎಂದು ಚೀಟಿ ಅಂಟಿಸಿದೆ. ಒಂದು ಸಂಸ್ಥೆಯವರು ಸಮಾರಂಭಕ್ಕೆ ಎರಡು ಸಾವಿರ ಕೊಂಡರು, ಬಂದು ಫೋಟೋ ತೆಗೆಸಿಕೊಂಡರು, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಏಕೆಂದು ತಿಳಿದದ್ದು ಒಂದು ಮದುವೆಯ ಅಡುಗೆ ಭಟ್ಟರಿಂದ. "ಏನು ಮಾರಾಯರೇ, ನಿಮ್ಮ ತಟ್ಟೆಯಿಂದ ಸಾರು ಇಳಿದು ನೆಂಟರ ಪಂಚೆ ಒದ್ದೆ!" ಎಂದು ಫೋನಿನಲ್ಲೇ ಜಾಡಿಸಿದರು. ಕರುಣೆಯಿಂದ ಕೊಂಡವರು ಅದನ್ನು ಹೇಳಿರಲಿಲ್ಲ. ಚೀಟಿ ಕಿತ್ತು ಹಾಕಿದೆ. ಪ್ರತಿ ತಟ್ಟೆಯನ್ನೂ ಬೆಳಕಿಗೆ ಹಿಡಿದು ನೋಡುವ ಕೆಲಸ ಹುಡುಗನ ತಾಯಿಗೆ ಹೋಯಿತು. ಬೀಡಿ ಎಲೆಯ ತೂತು ನೋಡಿ ನೋಡಿ ಪಳಗಿದ ಕಣ್ಣು ಅವರದು, ಸೂಜಿಮೊನೆಯಷ್ಟಿದ್ದರೂ ತಪ್ಪುವುದಿಲ್ಲ. ಅದೇ ಭಟ್ಟರು ಈಗ ಬ್ರಹ್ಮಕಲಶ, ಅನ್ನಸಂತರ್ಪಣೆಗಳಿಗೂ ನಮ್ಮಿಂದಲೇ ತರಿಸುತ್ತಾರೆ. ಒಳಗೆ ಯಾರು ಕೆಲಸ ಮಾಡುತ್ತಾರೆಂದು ಅವರು ಈವರೆಗೆ ಕೇಳಿಲ್ಲ.

2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಡಿಕೆ ಹಾಳೆಯ ತಟ್ಟೆಗೆ ಬಾಗಿಲು ಹಾಕಿತು. ನಾವು ರಫ್ತು ಮಾಡಿದವರಲ್ಲ, ಆದರೆ ಹೊರಗೆ ಹೋಗಬೇಕಿದ್ದ ಮಾಲು ನಮ್ಮ ಸಂತೆಗೇ ಬಂತು, ದರ ಇಳಿಯಿತು. ಆ ಮಳೆಗಾಲದಲ್ಲಿ ಬೂಷ್ಟು ಬೇರೆ ಹಿಡಿದು ಒಂದಷ್ಟು ಹಾಳೆ ಗೊಬ್ಬರದ ಗುಂಡಿಗೆ ಹೋಯಿತು. ದಿನಕ್ಕೆ ಒಂದು ಗಂಟೆ ಕೆಲಸ ಕಡಿಮೆ ಮಾಡಿದೆವೇ ಹೊರತು ಆರು ಜನರಲ್ಲಿ ಯಾರನ್ನೂ ಬಿಡಲಿಲ್ಲ. ಬಿಟ್ಟರೆ ಮತ್ತೆ ಆಳು ಎಲ್ಲಿಂದ ತರಲಿ?

ಹೋದ ತಿಂಗಳು ಪೆರ್ಡೂರಿನ ಕಡೆಯಿಂದ ಒಬ್ಬ ತಾಯಿ ಫೋನು ಮಾಡಿದರು. ಮಗಳು ಗಾಲಿಕುರ್ಚಿಯಲ್ಲಿದ್ದಾಳೆ, ಬಿ.ಕಾಂ. ಆಗಿದೆ, ಲೆಕ್ಕಪತ್ರ ನೋಡಿಕೊಳ್ಳುತ್ತಾಳೆ, ಕೆಲಸ ಇದೆಯೇ ಎಂದು. ಕೆಲಸ ಇದೆ, ಆದರೆ ನಮ್ಮ ಶೆಡ್ಡಿಗೆ ಮೂರು ಮೆಟ್ಟಿಲು. ಇಳಿಜಾರು ಕಟ್ಟಲು ಕೆಂಪುಕಲ್ಲು ತಂದು ಅಂಗಳದಲ್ಲಿ ಹಾಕಿಸಿದ್ದೇನೆ. ಮೇಸ್ತ್ರಿ ನಾಳೆ ಬರುತ್ತೇನೆ ಎನ್ನುತ್ತಾ ಇದು ಮೂರನೆಯ ವಾರ.