ಹಲ್ಲು ಕೆಟ್ಟ ಗಿನಿ ಪಿಗ್ಗಿಗೆ ಗರಿಕೆಯ ಪುಡಿ: ನನ್ನ ಅನುಭವ

ದವಡೆಹಲ್ಲುಗಳು ನಾಲಿಗೆಯ ಮೇಲೆ ಕಮಾನು ಕಟ್ಟಿಕೊಂಡು, ಮೇವು ಬಾಯಿಗೆ ಹೋದರೂ ನುಂಗಲಾಗದ ಸ್ಥಿತಿಗೆ ಬಂದಿದ್ದ ನಮ್ಮ ಗಿನಿ ಪಿಗ್ ಬೆಲ್ಲನಿಗೆ ದಯಾಮರಣ ಕೊಡಿಸುವುದೇ ಲೇಸೆಂದು ಹೇಳಿದವರಲ್ಲಿ ಪಶುವೈದ್ಯರೂ ಇದ್ದರು, ನನಗಿಂತ ಹಳಬರಾದ ಸಾಕಣೆದಾರರೂ ಇದ್ದರು. ಅದಾಗಿ ಎರಡು ವರ್ಷ ದಾಟಿದೆ. ಅಂದು 620 ಗ್ರಾಮಿಗೆ ಇಳಿದಿದ್ದ ಅವನ ತೂಕ ಈಗ 840ರ ಆಸುಪಾಸಿನಲ್ಲಿದೆ. ಹಲ್ಲು ವಾಸಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಹಲ್ಲನ್ನು ಇಟ್ಟುಕೊಂಡೇ ಬದುಕುವ ಒಂದು ಪದ್ಧತಿ ಕೊನೆಗೂ ಕೈಗೆ ಹತ್ತಿದೆ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಮೊದಲು ಹಣ ಹೋದ ದಾರಿಗಳನ್ನು ಹೇಳಿಬಿಡುತ್ತೇನೆ. ಮೈಸೂರಿನ ಅಂಗಡಿಯೊಂದರಲ್ಲಿ ಇನ್ನೂರು ರೂಪಾಯಿಗೆ ಉಗುರು ಕತ್ತರಿಸುವ ಸಾಧನದಿಂದ ಮುಂದಿನ ಹಲ್ಲುಗಳನ್ನು ಕತ್ತರಿಸಿಕೊಟ್ಟರು. ತೊಂದರೆ ಹಿಂದಿನ ಹಲ್ಲಿನಲ್ಲಿದ್ದುದರಿಂದ ಅದರಿಂದ ಏನೂ ಆಗಲಿಲ್ಲ, ಸೀಳಿದ ಮುಂದಿನ ಹಲ್ಲು ಸರಿಯಾಗಲು ಮಾತ್ರ ಹದಿನೈದು ದಿನ ಹಿಡಿಯಿತು. ಕಡಿಯಲೆಂದು ತಂದ ಮರದ ತುಂಡುಗಳು, ಖನಿಜದ ಬಿಲ್ಲೆಗಳು, ನೀರಿಗೆ ಹಾಕುವ ವಿಟಮಿನ್ ಹನಿಗಳು ಎಲ್ಲ ಸೇರಿ ಮೂರು ಸಾವಿರದಷ್ಟಾದವು. ಆ ಹನಿ ಹಾಕಿದ ದಿನದಿಂದ ಅವನು ನೀರು ಮುಟ್ಟುವುದನ್ನೇ ಬಿಟ್ಟಿದ್ದ. ಒಂದು ಚಿಕಿತ್ಸಾಲಯದಲ್ಲಿ ನಾಯಿಮರಿಗಳಿಗೆ ಬರೆಯುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಸಿರಪ್ಪನ್ನೇ ಇವನಿಗೂ ಬರೆದರು. ಆ ಗುಂಪಿನ ಔಷಧಿ ಹೊಟ್ಟೆಗೆ ಹೋದರೆ ಕರುಳಿನ ಸೂಕ್ಷ್ಮಜೀವಿಗಳು ಸತ್ತು ಪ್ರಾಣಿಯೇ ಹೋಗಬಹುದೆಂಬುದು ಗಿನಿ ಪಿಗ್ ಸಾಕುವ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಂದೆ.

ಕೊನೆಗೆ ಬೆಂಗಳೂರಿನಲ್ಲಿ ಇಂಥ ಸಣ್ಣ ಪ್ರಾಣಿಗಳನ್ನೇ ನೋಡುವ ವೈದ್ಯರೊಬ್ಬರು ಸಿಕ್ಕರು. ತಲೆಯ ಎಕ್ಸ್‌ರೇ ತೆಗೆದು, ಅನಿಲದ ಅರಿವಳಿಕೆ ಕೊಟ್ಟು, ದವಡೆಹಲ್ಲುಗಳನ್ನು ಸಣ್ಣ ಡ್ರಿಲ್ಲಿನಿಂದ ತೇಯ್ದು ನಾಲಿಗೆಯನ್ನು ಬಿಡಿಸಿದರು. ಒಂದು ಸಲಕ್ಕೆ ಅವರಿಗೆ ಐದು ಸಾವಿರದಷ್ಟು, ಜೊತೆಗೆ ಔಷಧಿ, ಪೆಟ್ರೋಲು, ಹೆದ್ದಾರಿಯ ಟೋಲು ಸೇರಿದರೆ ಎಂಟರ ಹತ್ತಿರ. ಇವುಗಳ ಹಲ್ಲು ಬೆಳೆಯುತ್ತಲೇ ಇರುವುದರಿಂದ ಆರಂಭದಲ್ಲಿ ಐದಾರು ವಾರಕ್ಕೊಮ್ಮೆ ಹೋಗಬೇಕಾಯಿತು. ಎಂಟುನೂರು ರೂಪಾಯಿಗೆ ಕೊಂಡ ಪ್ರಾಣಿಗೆ ಮೊದಲ ವರ್ಷ ಎಂಬತ್ತು ಸಾವಿರ ದಾಟಿತೆಂದು ನನ್ನ ಅಂದಾಜು. ಮನೆಯಲ್ಲಿ ಲೆಕ್ಕ ಕೇಳುವವರಿಗೆ ನಾನು ಹೇಳಿದ್ದು ಅದರ ಅರ್ಧ.

ತೇಯ್ದ ಮಾತ್ರಕ್ಕೆ ಊಟ ಶುರುವಾಗುವುದಿಲ್ಲ, ನೋವು ಮತ್ತು ದವಡೆಯ ಸ್ನಾಯುಗಳ ನಿಶ್ಶಕ್ತಿ ಎರಡೂ ಉಳಿದಿರುತ್ತವೆ. ನೋವಿಗೆ ವೈದ್ಯರು ಕೊಟ್ಟ ಮೆಲಾಕ್ಸಿಕ್ಯಾಂ ಇತ್ತು. ಊಟಕ್ಕೆ, ತಾವಾಗಿ ತಿನ್ನಲಾಗದ ಪ್ರಾಣಿಗಳಿಗೆಂದೇ ಮಾಡಿದ ಕ್ರಿಟಿಕಲ್ ಕೇರ್ ಎಂಬ ಆಮದಿನ ಮೇವಿನ ಪುಡಿಯನ್ನೇ ನೀರಿನಲ್ಲಿ ಕಲಸಿ ಸಿರಿಂಜಿನಲ್ಲಿ ಕೊಡುತ್ತಿದ್ದೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ 60 ಮಿಲಿಲೀಟರ್ ಎಂಬ ಲೆಕ್ಕದಲ್ಲಿ ಹೋದರೆ ಒಂದೂವರೆ ಸಾವಿರದ ಪೊಟ್ಟಣ ಹತ್ತು ಹನ್ನೆರಡು ದಿನ ಬಂದರೆ ಹೆಚ್ಚು, ಅದೂ ಅರ್ಧ ಕಾಲ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಗರಿಕೆಯ ಯೋಚನೆ ಬಂದದ್ದು ಆಗ. ಹೊರದೇಶಗಳಲ್ಲಿ ಒಣಗಿಸಿ, ಬರ್ಮುಡಾ ಹುಲ್ಲೆಂದು ಈ ಪ್ರಾಣಿಗಳಿಗೇ ಮಾರುವುದು ನಮ್ಮ ಗಣಪತಿಯ ಗರಿಕೆಯನ್ನೇ. ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಬಳಿ ಕಟ್ಟುಗಟ್ಟಲೆ ಸಿಗುತ್ತದೆ, ಸಂಕಷ್ಟಿಯ ದಿನ ಮತ್ತು ಗೌರಿ ಗಣೇಶದ ವಾರ ಮಾತ್ರ ಬೆಲೆ ಕೇಳಲಾಗದು. ಹುಲ್ಲನ್ನು ನೋಡಿದ ಕೂಡಲೇ ಪುಡಿ ಮಾಡಿ ಕೊಡಬಹುದೆಂದುಕೊಂಡವರಿಗೆ ನನ್ನ ಕಷ್ಟ ಅರ್ಥವಾಗದು. ಮೊದಲ ಕಂತನ್ನು ಬಿಸಿಲಿನಲ್ಲಿ ಒಣಗಿಸಿದಾಗ ಬಣ್ಣವೂ ವಾಸನೆಯೂ ಹೋಗಿ ಒಣಹುಲ್ಲಿನ ಧೂಳಾಯಿತು, ಅವನು ಮೂಸಿಯೂ ನೋಡಲಿಲ್ಲ. ಎರಡನೆಯದನ್ನು ಆಷಾಢದಲ್ಲಿ ನೆರಳಿನಲ್ಲಿ ಹರಡಿದೆ, ಒಳಗಿನ ಪದರಕ್ಕೆ ಬೂಸ್ಟು ಹಿಡಿದು ಅಷ್ಟನ್ನೂ ಗೊಬ್ಬರದ ಗುಂಡಿಗೆ ಸುರಿಯಬೇಕಾಯಿತು. ಈಗ ಎರಡು ಸಲ ತೊಳೆದು, ಹಳೆಯ ಪಂಚೆಯ ಮೇಲೆ ತೆಳ್ಳಗೆ ಹರಡಿ, ಕೋಣೆಯೊಳಗೆ ಫ್ಯಾನಿನ ಕೆಳಗೆ ಎರಡು ದಿನ ಇಟ್ಟು, ಕಡ್ಡಿ ಮುರಿದರೆ ಸದ್ದು ಬರುವಂತಾದ ಮೇಲೆ ಮಿಕ್ಸಿಗೆ ಹಾಕುತ್ತೇನೆ.

ನಿಜವಾದ ಗುಟ್ಟು ಜರಡಿಯಲ್ಲಿದೆ. ಮೈದಾ ಜರಡಿಯಲ್ಲಿ ಸೋಸಿದಾಗ ಸಿರಿಂಜು ಸರಾಗವಾಗಿ ಹರಿಯಿತು, ಆದರೆ ನಾರೆಲ್ಲ ನುಣ್ಣಗಾಗಿ ಮೂರೇ ದಿನದಲ್ಲಿ ಹಿಕ್ಕೆ ಮೆತ್ತಗಾಗಿ ಅಂಟತೊಡಗಿತು. ರವೆ ಜರಡಿಯಲ್ಲಿ ಸೋಸಿದಾಗ ಹಿಕ್ಕೆ ಗಟ್ಟಿಯಾಯಿತು, ಆದರೆ ಸಿರಿಂಜಿನ ಬಾಯಿ ಕಟ್ಟಿಕೊಂಡಿತು. ಒಂದು ಮಿಲಿಲೀಟರಿನ ಸಿರಿಂಜಿನ ಮೂತಿಯನ್ನು ಬುಡದವರೆಗೂ ಕತ್ತರಿಸಿ, ಅಂಚನ್ನು ಮರಳು ಕಾಗದದಿಂದ ಉಜ್ಜಿ ನುಣುಪಾಗಿಸಿದ ಮೇಲೆ ರವೆ ಜರಡಿಯ ಪುಡಿಯೂ ಸಲೀಸಾಗಿ ಹೋಯಿತು. ಎರಡು ಪಾಲು ಗರಿಕೆಗೆ ಒಂದು ಪಾಲು ಟಿಮೊಥಿ ಎಂಬ ಮೇವಿನ ಹುಲ್ಲಿನ ಪೆಲೆಟ್ಟಿನ (ಒತ್ತಿ ಮಾಡಿದ ಗುಳಿಗೆಯ) ಪುಡಿ, ಉಗುರುಬೆಚ್ಚಗಿನ ನೀರು. ಇದಕ್ಕೆ ಕಾಲು ಚಮಚದಷ್ಟು ಇನ್ನೊಂದು ಪುಡಿ ಸೇರಿಸುತ್ತೇನೆ. ಅದೇನೆಂಬುದು ನನಗೂ ನನ್ನ ವೈದ್ಯರಿಗೂ ಮಾತ್ರ ಗೊತ್ತು, ಸದ್ಯಕ್ಕೆ ಹಾಗೆಯೇ ಇರಲಿ. ಕಿಲೋ ಪುಡಿಗೆ ಸರಾಸರಿ ನಾಲ್ಕುನೂರು ರೂಪಾಯಿಯ ಒಳಗೇ ಮುಗಿಯುತ್ತದೆ.

ತಿನ್ನಿಸುವಾಗ ಅವನನ್ನು ಟವೆಲಿನಲ್ಲಿ ಸುತ್ತಿ, ಬೆನ್ನು ನನ್ನ ಹೊಟ್ಟೆಗೆ ಒರಗುವಂತೆ ಮಡಿಲಲ್ಲಿ ಕೂರಿಸಿ, ಮುಂದಿನ ಹಲ್ಲಿನ ಹಿಂದಿರುವ ಖಾಲಿ ಜಾಗದಲ್ಲಿ ಪಕ್ಕದಿಂದ ಸಿರಿಂಜನ್ನು ತೂರಿಸಿ ಅರ್ಧ ಮಿಲಿಲೀಟರ್ ಮಾತ್ರ ಬಿಟ್ಟು ಕಾಯಬೇಕು. ದವಡೆ ಅತ್ತಿತ್ತ ಆಡುವುದು ಬೆರಳಿಗೆ ತಿಳಿಯುತ್ತದೆ. ಬರೀ ಮೇಲೆ ಕೆಳಗೆ ಆಡುತ್ತಿದ್ದರೆ ಹಲ್ಲು ಮತ್ತೆ ಬೆಳೆದಿದೆ ಎಂದು ತಿಳಿಯಬೇಕು. ತೂಕದ ಯಂತ್ರ ತೋರಿಸುವುದಕ್ಕಿಂತ ಮೂರು ನಾಲ್ಕು ದಿನ ಮೊದಲೇ ನನ್ನ ಬೆರಳಿಗೆ ಇದು ಗೊತ್ತಾಗುತ್ತದೆ. ತೂಕವನ್ನಂತೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿ ಬೆಳಗ್ಗೆ ಮೊದಲ ತುತ್ತಿಗೆ ಮುಂಚೆ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇನೆ. 30 ಗ್ರಾಂ ಇಳಿದರೆ ತುತ್ತು ಹೆಚ್ಚುತ್ತದೆ, 60 ಇಳಿದರೆ ಬೆಂಗಳೂರಿಗೆ ಫೋನು ಹೋಗುತ್ತದೆ.

ಎಲ್ಲರೂ ನಕ್ಕದ್ದು ಗದ್ದಪಟ್ಟಿಯ ವಿಷಯಕ್ಕೆ. ಸೋತ ದವಡೆಗೆ ಕೆಳಗಿನಿಂದ ಎಲಾಸ್ಟಿಕ್ ಬಟ್ಟೆಯ ಆಸರೆ ಕೊಟ್ಟರೆ ಹಲ್ಲುಗಳು ಒಂದಕ್ಕೊಂದು ತಾಗಿ ಸವೆಯುತ್ತವೆ ಎಂಬುದು ಹೊರದೇಶದ ಸಾಕಣೆದಾರರು ಬಹಳ ಹಿಂದಿನಿಂದ ಮಾಡುತ್ತ ಬಂದಿರುವ ಉಪಾಯ. ಕಾಲುಚೀಲದ ಅಂಚು ತೀರಾ ಬಿಗಿಯಾಯಿತು, ಕ್ರೇಪ್ ಬ್ಯಾಂಡೇಜಿಗೆ ಉಗುರು ಸಿಕ್ಕಿಕೊಂಡಿತು. ಅತ್ತೆಯವರು ಬಿಟ್ಟಿದ್ದ ಮಂಡಿಯ ನೀ-ಕ್ಯಾಪಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಕಿವಿಗಳಿಗೆ ತೂತು ಮಾಡಿ, ತಲೆಯ ಮೇಲೆ ವೆಲ್ಕ್ರೋ ಹೊಲಿದ ಮೇಲೆ ಸರಿಹೋಯಿತು. ಕಣ್ಣೆದುರಿಗೇ ಇರುವಾಗ ದಿನಕ್ಕೆ ಎರಡು ಗಂಟೆ ಮಾತ್ರ ಕಟ್ಟುತ್ತೇನೆ, ಜೊಲ್ಲಿನಿಂದ ಒದ್ದೆಯಾದ ಕೂಡಲೇ ಬಿಚ್ಚುತ್ತೇನೆ, ಇಲ್ಲವಾದರೆ ಗದ್ದದ ಚರ್ಮ ಕೀವುಗಟ್ಟುತ್ತದೆ. ಪಟ್ಟಿಯ ಫಲವೋ, ನಾರಿನ ಫಲವೋ, ಐದಾರು ವಾರಕ್ಕೊಮ್ಮೆ ಇದ್ದ ಹಲ್ಲು ತೇಯುವ ಕೆಲಸ ಈಗ ಮೂರು ತಿಂಗಳಿಗೆ ಬಂದಿದೆ. ವೈದ್ಯರು ನಾರಿಗೆ ಮತ ಹಾಕುತ್ತಾರೆ, ನಾನು ಎರಡಕ್ಕೂ.

ನಡುವೆ ಮೂತ್ರದ ತಾಪತ್ರಯವೂ ಸೇರಿಕೊಂಡಿತು. ಇವುಗಳ ಮೂತ್ರ ಸ್ವಲ್ಪ ಬೆಳ್ಳಗಿರುವುದು ಸಹಜವೇ, ಆದರೆ ಹಾಸಿದ ಬಟ್ಟೆಯ ಮೇಲೆ ಒಣಗಿದ ಕಲೆಯನ್ನು ಉಜ್ಜಿದರೆ ಮರಳಿನ ಹಾಗೆ ಬೆರಳಿಗೆ ತಾಗತೊಡಗಿತು. ಎಕ್ಸ್‌ರೇಯಲ್ಲಿ ಕಲ್ಲು ಕಾಣಲಿಲ್ಲ, ಕ್ಯಾಲ್ಸಿಯಂ ಕೆಸರು ಕಂಡಿತು. ಶಕ್ತಿ ಬರಲೆಂದು ಪಕ್ಕದ ಮನೆಯವರು ದಿನವೂ ಸೂಚಿಸುತ್ತಿದ್ದ ರಾಗಿ ಗಂಜಿಯನ್ನು ನಾನು ಒಪ್ಪದಿದ್ದುದಕ್ಕೆ ಆಗ ಸಮರ್ಥನೆ ಸಿಕ್ಕಿತು, ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕುದುರೆ ಮೆಂತ್ಯ ಬೆರೆತ ಪೆಲೆಟ್ಟನ್ನು ಬದಲಿಸಿದೆ, ಪಾಲಕ್ ಮತ್ತು ದಂಟಿನ ಸೊಪ್ಪನ್ನು ನಿಲ್ಲಿಸಿದೆ, ಲೆಟ್ಯೂಸನ್ನು ನೀರು ತೊಟ್ಟಿಕ್ಕುವಂತೆಯೇ ಕೊಟ್ಟೆ, ತುತ್ತಿಗೂ ನೀರು ಹೆಚ್ಚಿಸಿದೆ. ಮನುಷ್ಯರ ಕಲ್ಲಿಗೆ ಬಾಳೆದಿಂಡು ಒಳ್ಳೆಯದೆನ್ನುತ್ತಾರಲ್ಲ ಎಂದು ಅದನ್ನೂ ಒಂದು ವಾರ ತುರಿದು ಕೊಟ್ಟು ನೋಡಿದೆ. ಬೆಲ್ಲ ಸಂತೋಷವಾಗಿ ತಿಂದ, ಕೆಸರು ಇದ್ದ ಹಾಗೆಯೇ ಇತ್ತು. ನೀರು ಹೆಚ್ಚಿಸಿದ ಎರಡು ತಿಂಗಳಿಗೆ ಕಲೆ ನುಣುಪಾಯಿತು.

ಗಿನಿ ಪಿಗ್ಗಿನ ಮೈ ತಾನಾಗಿ ತಯಾರಿಸಿಕೊಳ್ಳಲಾಗದ ವಿಟಮಿನ್ ಸಿ ವಿಷಯದಲ್ಲಿ ನೆಲ್ಲಿಕಾಯಿಯಿಂದ ಬಹಳ ನಿರೀಕ್ಷೆಯಿತ್ತು, ಆದರೆ ಆ ಹುಳಿ ಒಗರಿಗೆ ಅವನು ತಲೆ ಕೊಡವಿ ನನ್ನ ಅಂಗಿಗೇ ಉಗುಳಿದ. ಸೀಬೆಹಣ್ಣಿನ ಬೀಜ ತೆಗೆದು 15 ಗ್ರಾಂ ತುರಿದರೆ 30 ಮಿಲಿಗ್ರಾಮಿನಷ್ಟು ಸಿಗುತ್ತದೆ, ಸೀಬೆಯಿಲ್ಲದ ತಿಂಗಳಲ್ಲಿ ಕೆಂಪು ದೊಣ್ಣೆಮೆಣಸಿನಕಾಯಿ. ಹಲ್ಲು ತೇಯ್ದ ವಾರ ಮಾತ್ರ ಶುದ್ಧ ಆಸ್ಕಾರ್ಬಿಕ್ ಆಮ್ಲದ ಪುಡಿಯನ್ನು ಆಗಿಂದಾಗ ಕರಗಿಸಿ ಸಿರಿಂಜಿನಲ್ಲಿ ಕೊಟ್ಟು 50ಕ್ಕೆ ಏರಿಸುತ್ತೇನೆ.

ಈಗ ತಿಂಗಳ ಖರ್ಚು, ಹಲ್ಲಿನ ಖರ್ಚನ್ನು ಹಂಚಿ ಹಾಕಿದರೂ, ಮೂರೂವರೆ ಸಾವಿರದ ಹತ್ತಿರ ನಿಂತಿದೆ. ದಯಾಮರಣದ ಮಾತಾಡಿದ್ದ ಸಾಕಣೆದಾರರಲ್ಲಿ ಒಬ್ಬರು ಹೋದ ತಿಂಗಳು ತಮ್ಮ ಹೆಣ್ಣು ಗಿನಿ ಪಿಗ್ಗಿಗೆಂದು ಅರ್ಧ ಕಿಲೋ ಪುಡಿ ಒಯ್ದರು. ಬೆಲೆ ತೆಗೆದುಕೊಳ್ಳಲಿಲ್ಲ, ಕಾಲು ಚಮಚದ ವಿಷಯವನ್ನೂ ಹೇಳಲಿಲ್ಲ. ಸಿರಿಂಜು ಕತ್ತರಿಸಿ, ಉಜ್ಜಿ ಕೊಟ್ಟೆ, ಬೆಳಗಿನ ತೂಕವನ್ನು ವಾರಕ್ಕೊಮ್ಮೆ ನನಗೆ ಕಳಿಸಬೇಕೆಂದು ಕರಾರು ಮಾಡಿಕೊಂಡೆ.