ಟಾಸ್ಕ್ ಮ್ಯಾನೇಜರ್‌ನಲ್ಲಿ ಅಸಲಿ ಯಾವುದು, ವೇಷ ಹಾಕಿದ್ದು ಯಾವುದು: ನಾನು ಪತ್ತೆ ಹಚ್ಚುವ ರೀತಿ

ವಿಂಡೋಸ್ ಕಂಪ್ಯೂಟರ್‌ನಲ್ಲಿ ಈಗ ಏನೇನು ಓಡುತ್ತಿದೆ ಅಂತ ಪಟ್ಟಿ ತೋರಿಸುವುದು ಟಾಸ್ಕ್ ಮ್ಯಾನೇಜರ್. ಪರಿಚಯದವರು ಆಗಾಗ ಅದರ ಫೋಟೋ ತೆಗೆದು ಕಳಿಸುತ್ತಾರೆ. ಜೊತೆಗೆ ಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ಎಸ್‌ವಿಸಿಹೋಸ್ಟ್ (svchost.exe) ಅಂತ ಸಾಲುಸಾಲಾಗಿ ಇದೆಯಲ್ಲ, ಇದೆಲ್ಲಾ ವೈರಸ್ಸಾ?"

ಅಲ್ಲ. ವಿಂಡೋಸ್‌ನ ಸರ್ವೀಸ್‌ಗಳನ್ನು, ಅಂದರೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ಪ್ರೋಗ್ರಾಂಗಳನ್ನು, ತನ್ನೊಳಗೆ ಇಟ್ಟುಕೊಂಡು ಓಡಿಸುವುದೇ ಅದರ ಕೆಲಸ. ಮೊದಲೆಲ್ಲಾ ಒಂದೊಂದರಲ್ಲೂ ಹಲವು ಸರ್ವೀಸ್‌ಗಳು ಒಟ್ಟಿಗೆ ಇರುತ್ತಿದ್ದವು. 2017ರ ವಿಂಡೋಸ್ 10 ಕ್ರಿಯೇಟರ್ಸ್ ಅಪ್‌ಡೇಟ್ ಬಂದ ಮೇಲೆ, 3.5 ಜಿಬಿಗಿಂತ ಜಾಸ್ತಿ ರ‍್ಯಾಮ್ ಇರುವ ಕಂಪ್ಯೂಟರ್‌ಗಳಲ್ಲಿ ಬಹುತೇಕ ಸರ್ವೀಸ್‌ಗಳಿಗೆ ಒಂದೊಂದು ಬೇರೆ ಎಸ್‌ವಿಸಿಹೋಸ್ಟ್ ಸಿಕ್ಕಿತು. ಒಂದು ಕೆಟ್ಟರೆ ಅದರ ಜೊತೆ ಉಳಿದವೂ ಬೀಳಬಾರದು ಅಂತ. ಹಾಗಾಗಿ ಎಪ್ಪತ್ತು, ಎಂಬತ್ತು ಕಂಡರೂ ಗಾಬರಿ ಬೇಡ. ಆದರೆ ಮಾಲ್‌ವೇರ್ (ವೈರಸ್‌ನಂಥ ಕೆಟ್ಟ ಪ್ರೋಗ್ರಾಂ) ಬರೆಯುವವರಿಗೂ ಈ ಹೆಸರು ಇಷ್ಟವಾಗುವುದು ಇದೇ ಕಾರಣಕ್ಕೆ. ಗುಂಪಿನಲ್ಲಿ ಗೋವಿಂದ ಅಂತ ಸೇರಿಕೊಂಡರೆ ಯಾರು ಎಣಿಸುತ್ತಾರೆ?

ನಾನು ಹೆಸರನ್ನೂ ಐಕಾನನ್ನೂ ನಂಬುವುದೇ ಇಲ್ಲ. ಯಾವ ಫೈಲಿಗೆ ಯಾವ ಹೆಸರನ್ನಾದರೂ ಇಡಬಹುದು, ಅಲ್ವಾ? ಮೊದಲು ನೋಡುವುದು ಅದು ಎಲ್ಲಿಂದ ಓಡುತ್ತಿದೆ ಅನ್ನುವುದನ್ನು. ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ, ಮೇಲಿನ ಕಾಲಂ ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ, ಇಮೇಜ್ ಪಾತ್ ನೇಮ್ (ಫೈಲ್ ಇರುವ ಜಾಗ) ಮತ್ತು ಕಮಾಂಡ್ ಲೈನ್ (ಅದನ್ನು ಶುರು ಮಾಡಿದ ಪೂರ್ತಿ ಆದೇಶ) ಎರಡನ್ನೂ ಹಾಕಿಕೊಳ್ಳುತ್ತೇನೆ. ಅಸಲಿ ಎಸ್‌ವಿಸಿಹೋಸ್ಟ್ ಇರುವುದು ವಿಂಡೋಸ್ ಫೋಲ್ಡರ್‌ನ ಒಳಗಿನ ಸಿಸ್ಟಮ್32ರಲ್ಲಿ. 32 ಬಿಟ್‌ನದ್ದಾದರೆ ಸಿಸ್‌ವಾವ್64ರಲ್ಲಿ. ಅದೇ ಹೆಸರು ಆ್ಯಪ್‌ಡೇಟಾದಲ್ಲೋ ಟೆಂಪ್‌ನಲ್ಲೋ ಕಂಡರೆ ನನ್ನ ಮಟ್ಟಿಗೆ ಅದು ಕಳ್ಳನೇ. ಫೋಲ್ಡರ್, ಟಾಸ್ಕ್‌ಬಾರ್‌ಗಳನ್ನು ತೋರಿಸುವ ಎಕ್ಸ್‌ಪ್ಲೋರರ್ (explorer.exe) ಮಾತ್ರ ಸಿಸ್ಟಮ್32ರಲ್ಲಿ ಅಲ್ಲ, ನೇರವಾಗಿ ವಿಂಡೋಸ್ ಫೋಲ್ಡರ್‌ನಲ್ಲೇ ಇರುತ್ತದೆ. ಇದು ಗೊತ್ತಿಲ್ಲದೆ ಅಸಲಿಯನ್ನೇ ಅನುಮಾನಿಸುವವರಿದ್ದಾರೆ.

ಇಲ್ಲಿ ಕಣ್ಣು ಚುರುಕಾಗಿರಬೇಕು. ಎಲ್‌ಸ್ಯಾಸ್ (lsass.exe) ಅನ್ನುವ ಪ್ರೋಸೆಸ್, ಅಂದರೆ ಓಡುತ್ತಿರುವ ಪ್ರೋಗ್ರಾಂ, ನೋಡಿ. ಲಾಗಿನ್, ಪಾಸ್‌ವರ್ಡ್ ಪರಿಶೀಲನೆ ಎಲ್ಲಾ ಅದರ ಕೈಯಲ್ಲಿ. ಅದರ ಮೊದಲ ಅಕ್ಷರ ಇಂಗ್ಲಿಷ್‌ನ ಸಣ್ಣ ಎಲ್. ಅದರ ಜಾಗದಲ್ಲಿ ದೊಡ್ಡ ಐ ಹಾಕಿದರೆ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ನಾನು ಆ ಹೆಸರನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಹಾಕಿ, ಎರಡು ಅಕ್ಷರಕ್ಕೂ ವ್ಯತ್ಯಾಸ ಕಾಣುವ ಫಾಂಟ್‌ನಲ್ಲಿ ನೋಡುತ್ತೇನೆ. ಇಂಗ್ಲಿಷ್‌ನ ಓ ಬದಲು ರಷ್ಯನ್ ಲಿಪಿಯ ಓ ಬಳಸುವುದೂ ಉಂಟು. ಅದು ಯಾವ ಫಾಂಟ್‌ನಲ್ಲೂ ಸುಲಭಕ್ಕೆ ಕಾಣಿಸುವುದಿಲ್ಲ. ಆಗ ಅಸಲಿ ಹೆಸರನ್ನು ಕೈಯಿಂದ ಟೈಪ್ ಮಾಡಿ ಹುಡುಕುತ್ತೇನೆ. ನಕಲಿ ಆ ಹುಡುಕಾಟದಲ್ಲಿ ಸಿಗುವುದೇ ಇಲ್ಲ. ವಿಂಡೋಸ್ ಅನ್ನುವ ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಬಿಟ್ಟು ನಕಲಿ ಫೋಲ್ಡರ್ ಮಾಡುವ ತಂತ್ರವೂ ಇದೆ.

ಜಾಗ ಸರಿ ಇದೆ ಅಂದ ಮಾತ್ರಕ್ಕೆ ಬಿಟ್ಟುಬಿಡುವುದಿಲ್ಲ. ಅದನ್ನು ಶುರು ಮಾಡಿದ್ದು ಯಾರು ಅಂತ ನೋಡುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದಿರುವುದು ಈ ಪ್ರಶ್ನೆಯೇ. ಇದಕ್ಕೆ ಮೈಕ್ರೋಸಾಫ್ಟ್‌ನದೇ ಸಿಸ್‌ಇಂಟರ್ನಲ್ಸ್ ಸಾಧನಗಳಲ್ಲಿ ಒಂದಾದ ಪ್ರೋಸೆಸ್ ಎಕ್ಸ್‌ಪ್ಲೋರರ್ ಸಾಕು, ಅದು ಉಚಿತ. ಪ್ರೋಸೆಸ್‌ಗಳನ್ನು ವಂಶವೃಕ್ಷದ ಹಾಗೆ ತೋರಿಸುತ್ತದೆ. ಅಸಲಿ ವಂಶ ಹೀಗಿರುತ್ತದೆ: ವಿನ್‌ಇನಿಟ್‌ನ (wininit.exe) ಕೆಳಗೆ ಸರ್ವೀಸಸ್ (services.exe) ಮತ್ತು ಎಲ್‌ಸ್ಯಾಸ್, ಸರ್ವೀಸಸ್‌ನ ಕೆಳಗೆ ಎಸ್‌ವಿಸಿಹೋಸ್ಟ್‌ಗಳು. ಎಲ್‌ಸ್ಯಾಸ್ ಒಂದೇ ಇರಬೇಕು. ಎಸ್‌ವಿಸಿಹೋಸ್ಟ್‌ನ ಕಮಾಂಡ್ ಲೈನ್‌ನಲ್ಲಿ ಅಡ್ಡಗೆರೆ ಕೆ (-k) ಮತ್ತು ಒಂದು ಸರ್ವೀಸ್ ಗುಂಪಿನ ಹೆಸರು ಇರಬೇಕು. ಅದು ಇಲ್ಲದಿದ್ದರೆ, ಅಥವಾ ಎಕ್ಸ್‌ಪ್ಲೋರರ್ ಕೆಳಗೆ ಎಸ್‌ವಿಸಿಹೋಸ್ಟ್ ಕೂತಿದ್ದರೆ, ಏನೋ ನಡೆದಿದೆ ಅಂತಲೇ ಅರ್ಥ. ಯಾಕೆಂದರೆ ಕೆಲವು ಮಾಲ್‌ವೇರ್‌ಗಳು ಅಸಲಿ ಫೈಲನ್ನೇ ಶುರು ಮಾಡಿ, ಮೆಮೊರಿಯಲ್ಲಿ ಅದರ ಒಳಗನ್ನು ಖಾಲಿ ಮಾಡಿ ತಮ್ಮ ಕೋಡ್ ತುಂಬುತ್ತವೆ. ಆಗ ಜಾಗವೂ ಸರಿ, ಹೆಸರೂ ಸರಿ. ವಂಶ ಮಾತ್ರ ತಪ್ಪು. ವರ್ಡ್ ಕೆಳಗೆ ಪವರ್‌ಶೆಲ್ (ಆದೇಶಗಳನ್ನು ಓಡಿಸುವ ವಿಂಡೋಸ್ ಸಾಧನ) ಹುಟ್ಟಿದ್ದರೂ ಅಷ್ಟೇ, ತಕ್ಷಣ ಇಂಟರ್ನೆಟ್ ಸಂಪರ್ಕ ಕಡಿಯುತ್ತೇನೆ. ವಿಂಡೋಸ್‌ನದೇ ಪ್ರೋಸೆಸ್ ಆದ ಸಿಎಸ್‌ಆರ್‌ಎಸ್‌ಎಸ್‌ಗೆ (csrss.exe) ಪೇರೆಂಟ್, ಅಂದರೆ ಹುಟ್ಟಿಸಿದ ಪ್ರೋಸೆಸ್, ಕಾಣಿಸದಿರುವುದು ಮಾತ್ರ ಸಹಜ. ಅದನ್ನು ಹುಟ್ಟಿಸಿದ ಪ್ರೋಸೆಸ್ ತನ್ನ ಕೆಲಸ ಮುಗಿಸಿ ಹೋಗಿಬಿಟ್ಟಿರುತ್ತದೆ.

ಫೈಲನ್ನು ಮಾಡಿದವರು ಯಾರು ಅಂತ ತೋರಿಸುವ ಡಿಜಿಟಲ್ ಸಹಿಯ ಬಗ್ಗೆ ಒಂದೆರಡು ಮಾತು. ಪ್ರಾಪರ್ಟೀಸ್‌ನಲ್ಲಿ ಸಹಿಯ ಟ್ಯಾಬ್ ಇಲ್ಲ ಅಂದರೆ ನಕಲಿ ಅಂತಲ್ಲ. ವಿಂಡೋಸ್‌ನ ಎಷ್ಟೋ ಫೈಲ್‌ಗಳ ಸಹಿ ಬೇರೆ ಕ್ಯಾಟಲಾಗ್ ಫೈಲ್‌ನಲ್ಲಿರುತ್ತದೆ. ಪ್ರೋಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ವೆರಿಫೈ ಇಮೇಜ್ ಸಿಗ್ನೇಚರ್ಸ್ ಹಾಕಿದರೆ ಅದನ್ನೂ ನೋಡಿ ಹೇಳುತ್ತದೆ. ಸಹಿ ಇದೆ ಅಂದರೆ ಸಾಚಾ ಅಂತಲೂ ಅಲ್ಲ; 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಅನ್ನುವ ಮಾಲ್‌ವೇರ್ ಕದ್ದ ಸರ್ಟಿಫಿಕೇಟ್‌ಗಳಿಂದ ಸಹಿ ಹಾಕಿಕೊಂಡೇ ಓಡಾಡಿತ್ತು.

ಅಸಲಿಯನ್ನು ಹೆದರಿ ಅಳಿಸುವುದನ್ನು ನೋಡಿದಾಗ ನನಗೆ ಜಾಸ್ತಿ ಸಂಕಟವಾಗುತ್ತದೆ. 2002ರಲ್ಲಿ ಒಂದು ಸುಳ್ಳು ಇಮೇಲ್ ಹರಡಿತ್ತು: ಕರಡಿ ಮರಿಯ ಐಕಾನ್ ಇರುವ ಫೈಲ್ ವೈರಸ್, ಹುಡುಕಿ ಅಳಿಸಿ ಅಂತ. ಅದು ವಿಂಡೋಸ್‌ನದೇ ಜಾವಾ ಡೀಬಗರ್ ಫೈಲ್. ಎಷ್ಟೋ ಜನ ನಂಬಿ ಅಳಿಸಿದರು. ಈಗಲೂ ವಿಂಡೋಸ್‌ನದೇ ಆ್ಯಂಟಿವೈರಸ್ ಆದ ಡಿಫೆಂಡರ್‌ನ ಎಂಎಸ್‌ಎಂಪಿಇಂಗ್ (MsMpEng.exe) ಸಿಸ್ಟಮ್32ರಲ್ಲಿಲ್ಲ, ಪ್ರೋಗ್ರಾಂಡೇಟಾದಲ್ಲಿದೆ, ಅದಕ್ಕೇ ವೈರಸ್ ಅಂತ ಹೊರಟುಬಿಡುತ್ತಾರೆ. ಅದು ಅಲ್ಲಿರುವುದೇ ಸರಿ.

ಒಬ್ಬ ಗೆಳತಿಯ ಲ್ಯಾಪ್‌ಟಾಪ್ ವಿಷಯ ಹೇಳುತ್ತೇನೆ. ಸುಮ್ನೆ ಇಟ್ಟರೂ ಫ್ಯಾನ್ ಜೋರಾಗಿ ತಿರುಗುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾಗುತ್ತಿತ್ತು. ಮುಚ್ಚಿದರೆ ಮತ್ತೆ ಶುರು. ಇದು ಕೆಲವು ಕ್ರಿಪ್ಟೋ ಮೈನರ್‌ಗಳ (ನಮ್ಮ ಕಂಪ್ಯೂಟರ್‌ನಲ್ಲಿ ಕದ್ದು ಕ್ರಿಪ್ಟೋ ಹಣ ಗಳಿಸುವ ಪ್ರೋಗ್ರಾಂಗಳ) ಬುದ್ಧಿ: ತಮ್ಮನ್ನು ನೋಡುವವರು ಬಂದರೆ ಕೆಲಸ ನಿಲ್ಲಿಸುತ್ತವೆ. ಹಾಗಾಗಿ ಓಡುತ್ತಿರುವುದನ್ನು ಹಿಡಿಯುವ ಬದಲು ಅದು ಎಲ್ಲಿಂದ ಏಳುತ್ತದೆ ಅಂತ ಹುಡುಕಿದೆ. ತಾನಾಗಿ ಶುರುವಾಗುವುದನ್ನೆಲ್ಲಾ ಪಟ್ಟಿ ಮಾಡುವ ಆಟೋರನ್ಸ್ (ಇದೂ ಸಿಸ್‌ಇಂಟರ್ನಲ್ಸ್‌ನದೇ) ತೆರೆದು ಮೈಕ್ರೋಸಾಫ್ಟ್‌ನವನ್ನೆಲ್ಲಾ ಮರೆಮಾಡಿದೆ. ಶೆಡ್ಯೂಲ್ಡ್ ಟಾಸ್ಕ್‌ಗಳ (ಗೊತ್ತಾದ ಹೊತ್ತಿಗೆ ತಾನಾಗಿ ಓಡುವ ಕೆಲಸಗಳ) ನಡುವೆ ಒಂದು ಸಾಲು ಗುಲಾಬಿ ಬಣ್ಣದಲ್ಲಿತ್ತು, ಅಂದರೆ ಸಹಿ ಇಲ್ಲ. ಹೆಸರು ಯಾವುದೋ ಅಪ್‌ಡೇಟ್ ಅಂತ. ಅದು ತೋರಿಸುತ್ತಿದ್ದ ಜಾಗ ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರ್. ಫೈಲ್ ಹೆಸರು ನಮ್ಮ ಎಸ್‌ವಿಸಿಹೋಸ್ಟೇ.

ವೈಫೈ ಆಫ್ ಮಾಡಿದೆ. ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್ (ಬೆರಳಚ್ಚಿನಂಥ ಗುರುತು) ತೆಗೆದು ನನ್ನ ಕಂಪ್ಯೂಟರ್‌ನಿಂದ ವೈರಸ್‌ಟೋಟಲ್‌ನಲ್ಲಿ, ಅಂದರೆ ಹಲವು ಆ್ಯಂಟಿವೈರಸ್‌ಗಳ ತೀರ್ಪು ಒಟ್ಟಿಗೆ ತೋರಿಸುವ ತಾಣದಲ್ಲಿ, ಹುಡುಕಿದೆ. ಫೈಲನ್ನೇ ಅಪ್‌ಲೋಡ್ ಮಾಡುವುದಿಲ್ಲ, ಹಾಗೆ ಹಾಕಿದ್ದು ಬೇರೆಯವರ ಕೈಗೂ ಸಿಗುತ್ತದೆ. ಹಲವು ಆ್ಯಂಟಿವೈರಸ್‌ಗಳು ಅದನ್ನು ಮೈನರ್ ಅಂತಲೇ ಗುರುತಿಸಿದ್ದವು. ಪ್ರೋಸೆಸನ್ನು ನೇರವಾಗಿ ಕೊಲ್ಲಲಿಲ್ಲ, ಮೊದಲು ಸಸ್ಪೆಂಡ್ ಮಾಡಿದೆ, ಅಂದರೆ ಇದ್ದಲ್ಲೇ ತಡೆಹಿಡಿದೆ. ಇಂಥವು ಜೋಡಿಯಾಗಿರುತ್ತವೆ, ಒಂದನ್ನು ನಿಲ್ಲಿಸಿದರೆ ಇನ್ನೊಂದು ಮತ್ತೆ ಎಬ್ಬಿಸುತ್ತದೆ. ಆಮೇಲೆ ಆ ಶೆಡ್ಯೂಲ್ಡ್ ಟಾಸ್ಕ್ ತೆಗೆದುಹಾಕಿ, ಪ್ರೋಸೆಸ್ ನಿಲ್ಲಿಸಿ, ಫೈಲ್ ಅಳಿಸಿ, ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ಓಡಿಸಿದೆ.

ಮೈನರ್ ಆದ್ದರಿಂದ ಇಷ್ಟಕ್ಕೆ ಮುಗಿಸಿದೆ. ಪಾಸ್‌ವರ್ಡ್ ಕದಿಯುವ ಅಥವಾ ದೂರದಿಂದ ಕಂಪ್ಯೂಟರನ್ನು ನಡೆಸುವ ಬಗೆಯದ್ದಾಗಿದ್ದರೆ ಕ್ಲೀನ್ ಮಾಡುತ್ತಾ ಕೂರುವುದಿಲ್ಲ. ಬೇಕಾದ ಫೋಟೋ, ಕಡತಗಳನ್ನು ತೆಗೆದಿಟ್ಟು, ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುತ್ತೇನೆ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಾಯಿಸಲು ಹೇಳುತ್ತೇನೆ. ಮೊದಲು ಇಮೇಲ್‌ನದ್ದು, ಆಮೇಲೆ ಬ್ಯಾಂಕ್‌ನದ್ದು.